ನಡುಕ ನಿಂತ ಗಾಯಾಳು

ಉತ್ತರ ಒಂಟಾರಿಯೊ
ಮಾರ್ಚ್ ೯

ಅಮ್ಮಾ,

ಕಾಡಿನ ತುರ್ತು ಚಿಕಿತ್ಸೆಯ ಪರೀಕ್ಷೆ ಪಾಸಾದೆ. ಇನ್ನು ಪರಿಸರ ನಿರ್ವಹಣೆಯ ಪದವಿಗೆ ಅಡ್ಡಿಯಿಲ್ಲ. ಸಂತೋಷಪಡಬೇಡ. ನನಗಂತೂ ಅಸಹ್ಯವಾಗಿದೆ, ಎರಡು ದಿನದಿಂದ ಊಟ ಸೇರುತ್ತಿಲ್ಲ.

ನಮ್ಮ ಗುಂಪಿನಲ್ಲಿ ನಾಲ್ವರು. ಗಾಯಾಳುವಿನ ಪಾತ್ರ ಸಹಪಾಠಿ ಡೋರಿಯನ್‌ನದು. ಜೋಳದ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿ ರಕ್ತದ ಹಾಗೆ ಅವನ ಕಾಲಿಗೆ ಬಳಿದು, ಕೆರೆಯಂಚಿನ ಹಿಮದಲ್ಲಿ ಮಲಗಿಸಿದ್ದರು. ನಿಜವಾಗಿ ಏನಾದರೂ ಆದರೆ ಅವನು 'ಆಟ ಅಲ್ಲ' ಎನ್ನಬೇಕು, ಎಂದ ಕೂಡಲೇ ಪರೀಕ್ಷೆ ನಿಲ್ಲಬೇಕು. ಅದು ನಿಯಮ. ಅವನ ಮೈಯಡಿಯ ಹಿಮ ಕರಗಿ ಬಟ್ಟೆ ನೆನೆದದ್ದನ್ನು ಯಾರೂ ನೋಡಲಿಲ್ಲ. ಗಡಗಡ ನಡುಗುತ್ತಿದ್ದ. ಮೇಷ್ಟ್ರು ಟರ್ನ್‌ಬುಲ್ ದೂರದಿಂದಲೇ, "ಏನ್ ನಟನೆ ಮಾಡ್ತಾನ್ರೋ! ಸಿನಿಮಾಕ್ಕೆ ಸೇರ್ಬೇಕಿತ್ತು ಇವ್ನು" ಎಂದರು. ನಾವೂ ಹಲ್ಲು ಕಿರಿದೆವು. ನಾಡಿ ನೋಡಲು ಅವನ ಎಡಗೈ ಗವಸು ಬಿಚ್ಚಿದವಳು ನಾನೇ. ಮತ್ತೆ ತೊಡಿಸಲು ಅಂಕವಿರಲಿಲ್ಲ.

ಆಮೇಲೆ ನಡುಕ ನಿಂತಿತು. ಚಳಿಗೆ ಸೋತ ಮೈ ನಡುಗುವುದನ್ನೂ ಬಿಟ್ಟರೆ ಪ್ರಾಣಕ್ಕೇ ಸಂಚಕಾರ ಎಂದು ಹಿಂದಿನ ವಾರವಷ್ಟೇ ಬರೆದುಕೊಂಡಿದ್ದೆವು. ನಾನು ಹಾಳೆಯಲ್ಲಿ 'ರೋಗಿ ಸುಧಾರಿಸುತ್ತಿದ್ದಾನೆ' ಎಂದು ಗುರುತು ಹಾಕಿದೆ. ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಪರೀಕ್ಷೆ ಮುಗಿದರೂ ಅವನು ಏಳಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾನೆ. ಜೀವ ಉಳಿದಿದೆ, ಎಡಗೈಯ ಮೂರು ಬೆರಳು ಉಳಿಯುವುದಿಲ್ಲವಂತೆ. ಅಂದಿನದು ಅವನಿಗೇನೂ ನೆನಪಿಲ್ಲ. ಅದನ್ನು ಕೇಳಿ ಟರ್ನ್‌ಬುಲ್ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು, ಥೂ! ನಮ್ಮನ್ನು ಕರೆದು, "ನೋಡ್ರಪ್ಪಾ, ಅವ್ನು 'ಆಟ ಅಲ್ಲ' ಅನ್ಲೇ ಇಲ್ಲ ಅಂತ ಬರ್ದು ಒಂದು ಸಹಿ ಹಾಕ್ಬಿಡಿ. ತಪ್ಪು ಅವನ್ದೇ ಆಗುತ್ತೆ. ನೀವೆಲ್ಲಾ ಪಾಸು" ಎಂದರು. ಎನ್ನುತ್ತಲೇ ಪೆನ್ನಿಗಾಗಿ ಅವಸರದಿಂದ ಜೇಬು ತಡಕಿದರು. ನಮ್ಮ ಗುಂಪಿನ ಫರ್ನ್ ಮಾತ್ರ, "ನಂಗೆ ಕೇಳಿಸ್ಲಿಲ್ಲ ಅಂದ್ರೆ ಅವ್ನು ಹೇಳ್ಲಿಲ್ಲ ಅಂತಾನಾ? ನಿಮ್ ಸರ್ಟಿಫಿಕೇಟಿಗೆ ಬೆಂಕಿ ಬೀಳ!" ಎಂದು ಕಾಗದ ಎಸೆದು ಹೋದಳು. ಅವಳು ಫೇಲು.

ಇಂಥವರ ಕೈಗೆ ನಾಳೆ ಕಾಡನ್ನೂ ಜನರನ್ನೂ ಒಪ್ಪಿಸುತ್ತಾರೆ, ಅಮ್ಮಾ.

ನಿನ್ನ
ಐಲಾ

ಮರೆತಿದ್ದೆ: ಡೋರಿಯನ್ ಹೇಳಿದ್ದ. ಕೊನೆಯ ಸಲ ನಾಡಿ ಹಿಡಿದು ಬಾಗಿದ್ದಾಗ ನನ್ನ ಕಿವಿಯಲ್ಲೇ, "ಆಟ ಅಲ್ಲ ಕಣೇ, ಐಲಾ" ಎಂದ. ಪರೀಕ್ಷೆ ಮುಗಿಯಲು ಎರಡೇ ನಿಮಿಷ ಉಳಿದಿತ್ತು. "ಸುಮ್ನಿರೋ, ಮುಗೀತು" ಎಂದೆ. ಸಹಿಗಳಲ್ಲಿ ಮೊದಲನೆಯದು ನನ್ನದು. ಮರೆತಿದ್ದೆ ಎಂದದ್ದೂ ಸುಳ್ಳು.