ಸಂಕ್ರಾಂತಿಗೆ ಕಾದ ಟೈರುಗಳು

ಕೊವೆಂಟ್ರಿ
ನವೆಂಬರ್ ೯

ಪ್ರಿಯ ಪ್ರಣವ್,

ಲೀಡ್ಸಿನ ಚಳಿಗೆ ಯಾವ ಸ್ಪೋರ್ಟ್ಸ್ ಸೆಡಾನ್ ಕೊಳ್ಳಲಿ ಎಂದು ಕೇಳಿದ್ದೀಯ. ಅಕ್ಕನ ಜೀವ ತೆಗೆದದ್ದು ಹಿಂದಿನ ಚಕ್ರಗಳಿಗಷ್ಟೇ ಶಕ್ತಿ ಹೋಗುವ ರಿಯರ್-ವೀಲ್ ಡ್ರೈವ್ ಕಾರು, ಆದ್ದರಿಂದ ನಿನಗೆ ಆಲ್-ವೀಲ್ ಡ್ರೈವೇ ಬೇಕು ಎಂದೂ ಬರೆದಿದ್ದೀಯ.

ಇಪ್ಪತ್ತು ವರ್ಷ ಕಾರಿನ ಬ್ರೇಕುಗಳ ಮೇಲೆ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಕೇಳು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಕಾರು ಹಿಮದಲ್ಲಿ ಸುಲಭವಾಗಿ ಹೊರಡುತ್ತದೆ, ಅಷ್ಟೇ. ಅದನ್ನು ನಿಲ್ಲಿಸುವುದು ಟೈರು. ಎರಡರಲ್ಲಿ ಯಾವುದನ್ನಾದರೂ ತೆಗೆದುಕೋ, ಚಳಿಗಾಲದ ಟೈರು ಮಾತ್ರ ಮೊದಲೇ ಹಾಕಿಸು.

ನಿನ್ನ ಅಕ್ಕ ಅಹಲ್ಯಾ ಅಂಥ ಟೈರುಗಳನ್ನು ತರಿಸಿದ್ದಳು. "ಈ ಶನಿವಾರ ಹಾಕಿಸ್ಬಿಡೋಣ ರೀ, ಬೆಳಿಗ್ಗೆ ರೋಡೆಲ್ಲ ಐಸ್ ಆಗಿರತ್ತೆ" ಅಂದಳು. ಧನುರ್ಮಾಸದಲ್ಲಿ ಹೊಸದೇನೂ ಬೇಡ, ಸಂಕ್ರಾಂತಿಗೆ ಟಿವಿಡೇಲ್ ದೇವಸ್ಥಾನದಲ್ಲಿ ಪೂಜೆ ಮಾಡಿಸಿಯೇ ಹಾಕಿಸೋಣ ಎಂದವನು ನಾನು. ಅವಳ ಕಾರು ಜಾರಿದ್ದು ಸಂಕ್ರಾಂತಿಗೆ ಐದು ದಿನ ಮೊದಲು.

ನೀವೆಲ್ಲ ಕಾರನ್ನು ಬೈದಿರಿ. ನಾನು ಸುಮ್ಮನಿದ್ದೆ. ಅತ್ತೆಗೆ ಇದನ್ನು ಹೇಳುವುದೋ ಬೇಡವೋ ನಿನಗೆ ಬಿಟ್ಟದ್ದು.

ಟೈರುಗಳು ಗ್ಯಾರೇಜಿನಲ್ಲಿವೆ. ಹೊಸ ಟೈರಿನ ಮೇಲಿರುವ ಸಣ್ಣ ರಬ್ಬರ್ ಎಳೆಗಳೂ ಇನ್ನೂ ಉದುರಿಲ್ಲ. ಅಳತೆ ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಅವಕ್ಕೆ ಹೊಂದುವ ಕಾರನ್ನೇ ಹುಡುಕು. ಬಂದು ತೆಗೆದುಕೊಂಡು ಹೋಗು. ದಿನ ನೋಡಬೇಡ.

ನಿನ್ನ ಭಾವ,
ಲಕ್ಷ್ಮೀನಾರಾಯಣ