ಬಳಿ ಅಂಗಡ್ಯಾಗ ಕುಂದ್ರೋರು ಯಾರು?

ಜಾಲಹಳ್ಳಿ
ತಾ. ೧೧-೨-೧೯೮೩

ಚಿರಂಜೀವಿ ಬಸವಂತಮ್ಮಗ ನಿನ್ನ ಸೋದರಮಾವ ಹಂಪಣ್ಣನ ಆಶೀರ್ವಾದಗಳು. ನಾವೆಲ್ಲಾರೂ ಇಲ್ಲಿ ಆರಾಮ ಅದೀವಿ. ರಾಯಚೂರಾಗ ನಿನ್ನ ಮೈಗೆ ಹ್ಯಾಂಗದ ಅಂತ ಬರಿ. ನಿನ್ನ ಎರಡೂ ಪತ್ರ ಮುಟ್ಟ್ಯಾವ. ಉತ್ತರ ತಡ ಆತಂತ ಸಿಟ್ಟಾಗಬ್ಯಾಡ. ಜ್ವಾಳದ ಕೊಯ್ಲು ನಡದಿತ್ತು ಅಂತ ನೆವ ಬರೀಬಹುದಿತ್ತು, ಆದ್ರ ಕೊಯ್ಲು ಮುಗದು ವಾರ ಆತು. ಪೂರಾ ಪತ್ತೆ ಹಚ್ಚದ ಕಾಗದಕ್ಕ ಕೈ ಹಚ್ಚಬಾರದಂತ ಸುಮ್ಮನಿದ್ದೆ. ನಾ ಓದಿದ್ದು ನಾಲ್ಕನೇ ಜಮಾತ ಖರೇ, ಆದ್ರ ಹಲ್ಲು ನೋಡದ ಎತ್ತಿಗೆ ಒಂದು ಸಂತ್ಯಾಗೂ ರೊಕ್ಕ ಬಿಚ್ಚಿದವನಲ್ಲ.

ರಾಮಲಿಂಗಪ್ಪ ಹೋದ ಮ್ಯಾಲ ಜಿನ್ನಿಂಗ್ ಮಿಲ್ಲಿನವರು ಕೊಟ್ಟ ರೊಕ್ಕದ ಮ್ಯಾಲ ಅವನ ಅಣ್ಣ, ನಿನ್ನ ಭಾವ, ಕಣ್ಣಿಟ್ಟಾನ, ಲಾರಿ ತಗೋತೀನಿ, ನಿನಗೂ ಪಾಲು ಇಡ್ತೀನಿ ಅನ್ನಾಕತ್ತಾನ ಅಂತ ಬರದೀದಿ. ಯವ್ವಾ, ಗಂಡನ್ನ ಕಳಕೊಂಡು ಸಿಕ್ಕ ರೊಕ್ಕ ಅದು. ಅವನ ಲಾರಿ ಗಾಲಿಗೆ ಹಾಕಬ್ಯಾಡ. ಮಾನ್ವಿ ಬಜಾರದಾಗ ರಂಜಾನಬಿ ತನ್ನ ಗಾಜಿನ ಬಳಿ ಅಂಗಡಿ ಮಾರಾಕತ್ತಾಳ, ಅದನ್ನ ತಗೊಂಡು ನಾನ ಕುಂತು ನಡಸ್ತೀನಿ, ಆಕಿನೂ ಗಂಡ ಇಲ್ಲದ ಇಷ್ಟು ವರ್ಷ ನಡಸಿಲ್ಲೇನು ಅಂತ ಕೇಳಿದಿ. ಮಾತು ಸರಿ ಅದ. ಅದಕ್ಕ ದೇವದುರ್ಗದಾಗ ಬಸ್ಸು ಬದಲಿ ಮಾಡಿ ಮಾನ್ವಿಗೆ ಹೋದೆ.

ಹೋದವನ ಅಂಗಡಿಗೆ ಹೋಗಲಿಲ್ಲ. ಅದು ದಡ್ಡರು ಮಾಡೂ ಕೆಲಸ. ಎದುರಿನ ಹೋಟೆಲದಾಗ ಕಂಬದ ಮರೀಗೆ ಕುಂತೆ. ಸಂತಿ ದಿನ. ಹೆಣ್ಮಕ್ಕಳು ಒಬ್ಬಾಕಿ ಎದ್ದರ ಇನ್ನೊಬ್ಬಾಕಿ ಕುಂದ್ರಾಕತ್ತಿದ್ದರು. ರಂಜಾನಬಿ ಒಬ್ಬೊಬ್ಬರ ಕೈ ಹಿಡದು, ಬೆರಳು ಒತ್ತಿ, ಬಳಿ ಏರಸಾಕತ್ತಿದ್ಲು. ನೋಡಿದ ಕೂಡಲೇ ನನಗ ಸಂಶಯ ಬಂತು. ಇಷ್ಟು ಗಿರಾಕಿ ಇರೂ ಅಂಗಡೀನ ಯಾರರ ಮಾರ್ತಾರೇನು? ಇವರೆಲ್ಲಾ ಆಕಿ ಕಡೇ ಮಂದಿ, ನಾ ಬರೂದು ಗೊತ್ತಾಗಿ ಕರಸ್ಯಾಳ ಅಂದ್ಕೊಂಡೆ. ಹಸರ ಬಳಿ ಇಡಿಸಿಕೊಂಡು ಎದ್ದ ಒಬ್ಬಾಕಿ ಹಿಂದ, ಎಲ್ಲಿಗೆ ಹೋಗ್ತಾಳ ನೋಡೂಣು ಅಂತ, ಕಾಯಿಪಲ್ಲೆ ಸಾಲಿನತನಾ ಹೋದೆ. ಆಕಿ ತಟ್ಟನ ತಿರುಗಿ ನಿಂತ್ಲು.

“ಏ ಮುದಿಯಾ, ಮೀಸಿ ಬೆಳ್ಳಗಾಗ್ಯಾವ, ಹೆಣ್ಮಕ್ಕಳ ಹಿಂದ ಯಾಕ ಬರಾಕತ್ತಿ?”

“ನಾ ಬದನಿಕಾಯಿ ತಗೊಳ್ಳಾಕ ಬಂದೀನಿ ಬೇ,” ಅಂದೆ.

“ಹಂಗಾದ್ರ ತಗೋ, ನಾ ನೋಡ್ತೀನಿ,” ಅಂತ ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಲು. ಬದನಿಕಾಯಿ ತಗೊಂಡೆ. ನಿಮ್ಮತ್ತಿ ಮೂರು ದಿನ ಅದನ್ನ ಮಾಡಿ ಹಾಕಿದ್ಲು.

ಆದ್ರೂ ಬಿಡಲಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮಿ ಆದಾಗ ಒಳಗ ಹೊಕ್ಕು, ಅಂಗಡಿ ಕೊಳ್ಳಾಕ ಬಂದೀನಿ ಅಂದೆ. ಗೋಡಿ ತುಂಬ ಬಳಿ ಡಬ್ಬಿ, ಮಾಳಗಿ ಮುಟ್ಟೂಹಂಗ ಏರಸ್ಯಾಳ. ರಂಜಾನಬಿ ಚಾ ಹೇಳಾಕ ಆಕಡಿ ತಿರುಗಿದಾಗ ನನ್ನ ಛತ್ರಿ ತುದೀಲೆ ಮ್ಯಾಲಿನ ಒಂದು ಡಬ್ಬಿ ಮೆಲ್ಲಕ ತಿವಿದೆ. ಅದು ನನ್ನ ತಲೀ ಮ್ಯಾಲ ಬಿತ್ತು. ಗಾಜು ಒಡದ ಸಪ್ಪಳ ಬರಲಿಲ್ಲ. ಖಾಲಿ ಡಬ್ಬಿ!

“ಸಿಕ್ಕಿಬಿದ್ದಿ ನೋಡು ತಾಯಿ,” ಅಂದೆ. “ಗಾಳಿ ತುಂಬಿಟ್ಟು ಮಾಲು ಅಂತ ಮಾರತೀಯಾ?”

ಆಕಿ ನಕ್ಕಳು. “ಅಣ್ಣಾರ, ಮ್ಯಾಲಿನ ಸಾಲು ಎಲ್ಲಾ ಅಂಗಡ್ಯಾಗೂ ಖಾಲೀನ ಇರ್ತಾವ್ರಿ. ಅಂಗಡಿ ತುಂಬಿ ಕಾಣಲಿ ಅಂತ. ಕೈಗೆ ಸಿಗೂ ಸಾಲು ನೋಡ್ರಿ. ತಲಿಗೆ ಪೆಟ್ಟಾತೇನು?”

ಪೆಟ್ಟಾಗಿಲ್ಲ ಅಂದೆ. ಅಷ್ಟರಾಗ ಆಕಿ ಮೆಲ್ಲಕ ಕೇಳಿದ್ಲು: “ಅಂಗಡ್ಯಾಗ ಕುಂದ್ರೋರು ಯಾರ್ರಿ?”

ನೋಡು, ಇಲ್ಲಿ ನಾ ಹುಷಾರಾದೆ. ಕೊಳ್ಳೋರು ಯಾರಾದ್ರ ಆಕಿಗೇನು? ರೊಕ್ಕ ಎಷ್ಟದ, ಹಿಂದ ಯಾರದಾರ ಅಂತ ಬಾಯಿ ಬಿಡಸಾಕ ಹೂಡಿದ ಆಟ. “ನೋಡೂಣು,” ಅಂದೆ. ಚಾ ಕುಡದೆ. ಹೊರಡೂ ಮುಂದ ಮತ್ತ ಕೇಳಿದ್ಲು. ನಾ ಬಸ್ಸಿಗೆ ಹೊತ್ತಾತು ಅಂದು ಬಂದುಬಿಟ್ಟೆ. ಆ ಹೆಣ್ಮಗಳ ಹೊಟ್ಟ್ಯಾಗ ಏನೋ ಅದ. ಅದನ್ನ ಹೊರಗ ತಗೀದಿದ್ರ ನಾ ಹಂಪಣ್ಣ ಅಲ್ಲ. ನೀ ಮಾತ್ರ ಭಾವನ ಮುಂದ ಹೂಂ ಅನಬ್ಯಾಡ, ಉಹೂಂ ಅನಬ್ಯಾಡ.

ನಿನ್ನ ಮಾವ,
ಹಂಪಣ್ಣ


ಜಾಲಹಳ್ಳಿ
ತಾ. ೫-೩-೧೯೮೩

ಚಿರಂಜೀವಿ ಬಸವಂತಮ್ಮಗ ಮಾವನ ಆಶೀರ್ವಾದಗಳು. ಈ ಸಲನೂ ತಡ ಆತು, ಅದಕ್ಕ ಕಾರಣ ಪತ್ರದ ಒಳಗ ಅದ. ನಿನ್ನ ಭಾವ ಲಾರಿ ನೋಡಾಕ ಹೈದ್ರಾಬಾದಿಗೆ ಹೋಗ್ಯಾನಂತ ಬರದಿ. ಹೋಗಲಿ, ನೋಡೂದಕ್ಕ ರೊಕ್ಕ ಬೀಳಂಗಿಲ್ಲ.

ಹೋದ ವಾರ ಮತ್ತ ಮಾನ್ವಿಗೆ ಹೋಗಿದ್ದೆ. ಆಕಿ ಯಾಕ ಮಾರ್ತಾಳ ಅನ್ನೂದು ಮೊದಲು ಪತ್ತೆ ಆಗಬೇಕಿತ್ತು. ಕಣ್ಣು ಮಂದಾಗ್ಯಾವ, ಹೈದ್ರಾಬಾದಿಗೆ ಮಗಳ ಮನಿಗೆ ಹೋಗ್ತೀನಿ ಅಂತಾಳ. ಕಣ್ಣಿಂದು ಸುಳ್ಳಿರಬೇಕಂತ ನನ್ನ ಕೈಯಾಗಿನ ಬಸ್ ಚೀಟಿ ತೋರಿಸಿ, “ಇದರ ಮ್ಯಾಲ ಏನ ಬರದದ ಓದು” ಅಂದೆ. “ನಾ ಸಾಲೀಗೇ ಹೋಗಿಲ್ಲ ಅಣ್ಣಾರ, ಕಣ್ಣು ಇದ್ದಾಗೂ ಓದ್ತಿರಲಿಲ್ಲ,” ಅಂದ್ಲು. ಅದರಾಗ ಆಕಿನ ಗೆದ್ಲು ಅನ್ನು.

ಆಮ್ಯಾಲ ವ್ಯವಹಾರಕ್ಕ ಕುಂತ್ವಿ. ಮಾಲು, ಕಪಾಟು, ಬಾಡಗಿ ಜಾಗ ಬಿಟ್ಟುಕೊಡೂ ಪಗಡಿ ಎಲ್ಲಾ ಸೇರಿ ಎಂಟು ಸಾವಿರ ಅಂದ್ಲು. ಬಾಯಿಲೆ ಬೆಲಿ ಆಡಿದ್ರ ಪಕ್ಕದ ಅಂಗಡಿಯವರಿಗೆ ಕೇಳಸ್ತದ ಅಂತ ನಾ ಎತ್ತಿನ ಸಂತ್ಯಾಗ ಮಾಡಿದಂಗ ಟವೆಲ್ ಹಾಸಿ, ಅದರ ಕೆಳಗ ಕೈ ಚಾಚಿದೆ. ಬೆರಳು ಹಿಡದು ಬೆಲಿ ಹೇಳೂದು ಅಂತ. ರಂಜಾನಬಿ ಟವೆಲ್ ನೋಡಿದ್ಲು, ನನ್ನ ನೋಡಿದ್ಲು.

“ದಿನಾ ಮಂದಿ ಕೈ ಹಿಡೂದ ನನ್ನ ಕೆಲಸ ಖರೇ ಅಣ್ಣಾರ. ನಿಮ್ಮ ಕೈ ಹಿಡದ್ರ ಬಜಾರ ಏನಂತದ? ಬಾಯಿಲೆ ಹೇಳ್ರಿ.”

ಪಕ್ಕದಾಗ ಪಾತ್ರಿ ಅಂಗಡಿ ಇಟ್ಟ ಮುದುಕಪ್ಪ ಕಿಸಕ್ಕನ ನಕ್ಕ. ಅವನ ನಗೀನ ನನಗ ಸರಿ ಬರಲಿಲ್ಲ. ಗ್ವಾಡಿಗೆ ಗ್ವಾಡಿ ಹತ್ತಿದ ಅಂಗಡಿ, ಅವಗ ತನ್ನ ಕೊಡ ಬಿಂದಿಗಿ ಹರವಾಕ ಜಾಗ ಬೇಕಾಗಿರಬೇಕು.

ಐದು ಅಂದೆ. ಏಳೂವರಿ ಅಂದ್ಲು. ಛತ್ರಿ ತಗೊಂಡು ಎದ್ದೆ. ಅಂಗಡಿ ಮೆಟ್ಟಲ ಇಳದೆ. ಕರೀತಾಳಂತ ಮೆಲ್ಲಕ ನಡದೆ. ಕರದ್ಲು, ಆದ್ರ ಬೆಲಿ ಹೇಳಾಕ ಅಲ್ಲ.

“ಅಣ್ಣಾರ, ಮೊದಲು ಅದನ್ನ ಹೇಳ್ರಿ. ಕುಂದ್ರೋರು ಯಾರು?”

ಮೂರನೇ ಸಲ ಕೇಳಿದ್ಲು. ನನಗೂ ಸಿಟ್ಟು ಬಂತು. “ನನ್ನ ಅಕ್ಕನ ಮಗಳು,” ಅಂದೆ. “ರಾಯಚೂರಾಗ ಇರ್ತಾಳ. ಏಳನೇ ತನಕ ಓದ್ಯಾಳ. ಲೆಕ್ಕದಾಗ ನಿನ್ನ ಹತ್ತು ಅಂಗಡಿ ನುಂಗ್ತಾಳ.”

“ಆಕಿ ಗಂಡ ಏನ್ಮಾಡ್ತಾರ್ರಿ?”

“ತೀರಕೊಂಡಾನ.”

ಆಕಿ ಕೈಯಾಗಿನ ಹಸರ ಬಳಿ ದಾರಕ್ಕ ಪೋಣಿಸಿ ಬದಿಗಿಟ್ಲು. ಆಮ್ಯಾಲ, “ಹಂಗಾದ್ರ ಈ ಅಂಗಡಿ ತಗೋಬ್ಯಾಡ್ರಿ,” ಅಂದ್ಲು.

“ಯಾಕ? ನಿನಗ ಗಂಡ ಅದಾನೇನು?”

“ಇಲ್ಲರಿ. ಆದ್ರ ನನ್ನ ಬೋಳು ಕೈ ಯಾರೂ ನೋಡಂಗಿಲ್ಲ. ನಾ ಸಾಬರಾಕಿ. ನಿಮ್ಮ ಹೆಣ್ಮಕ್ಕಳು ಬಳಿ ಇಡಿಸಿಕೊಂಡು ನನ್ನ ಕಾಲು ಮುಟ್ತಾರ, ತುಂಬಿದ ಕೈಯಾಗಿ ಬಾಳು ಅಂತ ನಾ ಹರಸ್ತೀನಿ, ಹೋಗ್ತಾರ. ನನ್ನ ಗಂಡ ಇದ್ದಾನೋ ಸತ್ತಾನೋ ಒಬ್ಬಾಕಿನೂ ಕೇಳಿಲ್ಲ. ನಿಮ್ಮ ಹುಡುಗೀದು ಹಂಗಲ್ಲ. ಆಕಿ ನಿಮ್ಮಾಕಿ. ಆಕಿ ಕೈ ಎಲ್ಲಾರೂ ನೋಡ್ತಾರ.”

ಯವ್ವಾ, ಒಂದು ಗಳಿಗಿ ನಾನೂ ಆಕಿ ಮಾತು ನಂಬಿದೆ. ಆಮ್ಯಾಲ ಬುದ್ಧಿ ಬಂತು. ಮಾರೂ ಹೆಣ್ಮಗಳು ಕೊಳ್ಳೋರಿಗೆ ಬ್ಯಾಡ ಅಂತಾಳಂದ್ರ ಅದರಾಗ ಏನರ ಇರಬೇಕಲ್ಲ? ಮುದುಕಪ್ಪ ಹೆಚ್ಚಿಗಿ ಕೊಡ್ತೀನಿ ಅಂದಿರಬೇಕು, ಅದಕ್ಕ ನಮ್ಮನ್ನ ಬಂದ ದಾರೀಲೆ ತಿರುಗಿಸಾಕತ್ತಾಳ! “ನಿನ್ನ ಆಟ ಗೊತ್ತಾತು,” ಅಂದೆ. “ಹರಸೂ ಮಾತು ಬಿಡು. ಗಾಜಿನ ಬಳಿಗೆ ಯಾರ ಕೈ ಆದ್ರೇನು? ನೀ ಬೆಲಿ ಹೇಳು.”

“ಆರಕ್ಕ ಕೊಡ್ತೀನಿ,” ಅಂದುಬಿಟ್ಲು. “ರಂಜಾನ್ ಮುಗೂತನಾ ನಾನೂ ಆಕಿ ಬಾಜೂ ಕುಂದ್ರತೀನಿ. ಹಬ್ಬ, ಬಸರಿ ಕುಬಸ, ಲಗ್ನದ ಬಳಿ ನಾ ಇಡ್ತೀನಿ. ದಿನದ ಬಳಿ ಆಕಿ ಇಡಲಿ. ಮಂದಿಗೆ ರೂಢಿ ಆದ್ರ ಆತು.”

ನೋಡಿದೇನು? ಏಳೂವರಿಯಿಂದ ಆರಕ್ಕ ಒಂದ ಮಾತಿನಾಗ ಇಳಿಸಿದೆ. ಹೆದರಿಸಿದ ಕೂಡಲೇ ಇಳದ್ಲು. ಅದಕ್ಕ ಇನ್ನೂ ಸಂಶಯ ಬಂತು. ಪುಕ್ಕಟೆ ಬಾಜೂ ಕುಂತು ಕಲಸ್ತೀನಿ ಅಂದ್ರ ಅದರಾಗ ಆಕಿಗೆ ಏನು ಲಾಭ? ಕಪಾಟು ಎಳದು ಹಿಂದ ನೋಡಿದೆ. ಗ್ವಾಡಿ ಬಡದು ನೋಡಿದೆ. ಜಾಗದ ಮಾಲಕನ್ನ ಹುಡುಕಿಕೊಂಡು ಹೋಗಿ, ಬಾಡಗಿ ಬಾಕಿ ಏನರ ಅದೇನು ಅಂತ ಕೇಳಿದೆ. ಇಲ್ಲ ಅಂದ. ಮುದುಕಪ್ಪಗೂ ಕೇಳಿದೆ. “ನನಗ ಆ ಇಕ್ಕಟ್ಟಿನ ಅಂಗಡಿ ಯಾತಕ್ಕ ಬೇಕೋ ಮಾರಾಯ? ಒಂದು ಹಂಡೆ ಇಟ್ಟರ ನಾ ಹೊರಗ ನಿಂದ್ರಬೇಕು,” ಅಂದ. ಅವನ್ನ ಈಗೂ ಪೂರಾ ನಂಬಿಲ್ಲ. ಆದ್ರ ಅಂಗಡಿಯಾಗ ನನಗ ಒಂದೂ ಹುಳುಕು ಸಿಗಲಿಲ್ಲ.

ಹಂಗಾಗಿ ಮುಂದಿನ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಮುಂಗಡ ಬಯಾನಾ ಕೊಡೂದು ಅಂತ ಮಾತಾಗ್ಯದ. ಅಂಗಡಿ ಚಲೋ ಅದ, ಬೆಲಿ ಚಲೋ ಅದ, ಅದನ್ನ ಇಳಿಸಿದ್ದು ನಿನ್ನ ಮಾವ. ಭಾವಗ ಈಗ ಹೇಳಬಹುದು. ಸಿಟ್ಟಾದ್ರ ನನ್ನ ಕಡಿ ಕಳಸು. ಹೊತ್ತಿಗೆ ಸರಿ ಉಣ್ಣು, ಮೈ ಕಡಿ ನೋಡ್ಕೋ. ನಿಮ್ಮವ್ವ ಎಲ್ಲಿದ್ರೂ ನಿನ್ನ ನೋಡಿ ಹೆಚ್ಚಳ ಪಡಲಿ, ನಿನ್ನ ಬಾಳು ನೆಟ್ಟಗಾಗಲಿ ಅಂತ ಹರಸೂ

ನಿನ್ನ ಮಾವ,
ಹಂಪಣ್ಣ

ತಾ.ಕ.: ಪತ್ರ ಅಂಟಿಸಿದ್ದೆ, ಮತ್ತ ಬಿಚ್ಚೀನಿ. ಇದನ್ನ ನೀ ಒಬ್ಬಾಕಿನ ಓದು.

ನಮ್ಮ ಮಗಳು ಅಮರಮ್ಮ ಬಾಣಂತನಕ್ಕ ಬಂದಾಳ, ಮುಂದಿನ ತಿಂಗಳು ಕುಬಸ. ರಂಜಾನಬಿ ಮಾತು ಸುಳ್ಳು ಮಾಡಬೇಕಂತ ನಿನ್ನೆ ಉಣ್ಣಾಕ ಕುಂತಾಗ ಅಂದೆ: “ಕುಬಸದ ಹಸರ ಬಳಿ ನಮ್ಮ ಬಸವಂತಮ್ಮನ ತರಲಿ, ಆಕಿನ ಇಡಲಿ. ಆಕಿ ಅಂಗಡಿ ಬೋಣಿಗಿ ನಮ್ಮ ಮನ್ಯಾಗ ಆಗಲಿ.”

ನಿಮ್ಮತ್ತಿ ಶರಣಮ್ಮ ರೊಟ್ಟಿ ಬಡಿಯೂದು ನಿಲ್ಲಿಸಿದ್ಲು. ನಿಮ್ಮವ್ವ ಹೋದ ಮ್ಯಾಲ ನಿನ್ನ ತಲಿ ಬಾಚಿ ಸಾಲಿಗೆ ಕಳಿಸಿದಾಕಿ. “ಬಳಿ ಕೊಟ್ಟು ಕಳಸಲಿ,” ಅಂದ್ಲು. “ಆಕಿ ಬರೂದು ಬ್ಯಾಡ.”

ನಾ ಅಮರಮ್ಮನ ಮಾರಿ ನೋಡಿದೆ. ಅಕ್ಕಾ ಅಕ್ಕಾ ಅಂತ ನಿನ್ನ ಬೆನ್ನು ಹತ್ತಿ ಬೆಳದ ಹುಡುಗಿ, ಏನರ ಅಂತಾಳ ಅಂತ ದಾರಿ ನೋಡಿದೆ. ಆಕಿ ಎರಡೂ ಕೈ ಸೆರಗಿನೊಳಗ ಎಳಕೊಂಡ್ಲು.

ಬಯಾನಾ ಕೊಡಲೋ ಬ್ಯಾಡೋ, ಆ ಶುಕ್ರವಾರದೊಳಗ ನೀನ ಬರಿ ಯವ್ವಾ. ನೀ ಅಂದಂಗ ಮಾಡ್ತೀನಿ. ನಾ ಇದನ್ನ ಮುಚ್ಚಿಟ್ಟು ನಿನ್ನ ಆ ಅಂಗಡ್ಯಾಗ ಕುಂದ್ರಸಬಾರದು.

ಬಾಯಿ ಅಂದ್ರ ಹಂಪಣ್ಣಂದು ಅಂತದ ಊರು. ಆದ್ರ ನಿನ್ನೆ ನಾ ಗಂಗಾಳ ಸರಿಸಿ ಎದ್ದು ಹೊರಗ ಹೋಗಿ ಎತ್ತಿಗೆ ನೀರಿಟ್ಟೆ. ಅವು ಆಗಲೇ ಕುಡದಿದ್ದವು. ಮೂಸಿ ನೋಡಿ ಮಾರಿ ತಿರುವಿದ್ವು.