ಒಂದು ಬೆರಳಿನ ಪರೀಕ್ಷೆ

ಜನವರಿ 7, ಭಾನುವಾರ
ಎಂದಿನಂತೆ ಅತ್ತೆಯ ಕೋಣೆಗೆ ಕಾಫಿ. ಹಗಲಲ್ಲೂ ಲೈಟ್ ಹಾಕಿಯೇ ಕುಡಿಯಬೇಕು. ಈ ಹಳೇ ಮನೆ ಕೊಂಡು ಎರಡು ವರ್ಷ, ಆ ಕೋಣೆಯ ಕಿಟಕಿ ಒಂದು ದಿನವೂ ತೆರೆದಿಲ್ಲ. ಹಿಂದಿನವರು ಪೇಂಟ್ ಮೇಲೆ ಪೇಂಟ್ ಬಳಿದು ಕದಗಳನ್ನು ಚೌಕಟ್ಟಿಗೇ ಅಂಟಿಸಿದ್ದಾರೆ. ಈ ಕೋಣೆಯಲ್ಲಂತೂ ಗಾಜಿನ ಮೇಲೂ ಬಳಿದಿದ್ದಾರೆ. ಅತ್ತೆಗೆ ಮಂಡಿನೋವು, ಹೊರಗೆ ಹೋಗುವಂತಿಲ್ಲ. "ಬೀದೀಲಿ ಯಾರು ಬಂದ್ರು, ಯಾರು ಹೋದ್ರು ಅಂತಾದ್ರೂ ಗೊತ್ತಾಗ್ಬೇಕಲ್ಲೇ" ಅಂದರು.

ಬಡಗಿ ಬಂದು ಎಂಟು ಕಿಟಕಿಗಳನ್ನೂ ತಟ್ಟಿ ನೋಡಿದರು. "ಮರ ಗಟ್ಟಿಯಾಗಿದೆಯಮ್ಮ. ಕೆರೆದು, ಕೀಲು ಬಿಗಿದು, ಒಡೆದ ಗಾಜು ಹಾಕ್ಬೇಕು. ಕಿಟಕಿಗೆ ಹನ್ನೆರಡು ಸಾವಿರ."

ತಲೆ ಗಿರ್ ಅಂತು. ನನ್ನ ಯಜಮಾನರು ಹಲ್ಲು ಕಿರಿದರು. "ಕೇಳಿಸ್ತಾ? ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿದ್ರೆ ಅದರ ಅರ್ಧ!" ಉಳಿದದ್ದರಲ್ಲಿ ಹೊಸ ಬೈಕು — ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕೇ? ಫೋನ್ ತೆಗೆದರೆ ಅದರದ್ದೇ ಚಿತ್ರ.

ನಾನು ಈ ಮನೆಗೆ ಮನಸೋತದ್ದೇ ಆ ಬಣ್ಣದ ಗಾಜಿನ ಕಿಟಕಿಗಳಿಗೆ. ಕಿತ್ತು ಹಾಕಿದರೆ ಮತ್ತೆ ಬರುತ್ತವೆಯೇ?

ಜನವರಿ 9, ಮಂಗಳವಾರ
ಜಗಳ. ಮಾತು ಬಿಟ್ಟೆ. ಸಂಜೆ ಅತ್ತೆಯೇ ಪಂಚಾಯಿತಿ ಮಾಡಿದರು. ಮೊದಲು ಅವರ ಕೋಣೆಯದ್ದೊಂದೇ ರಿಪೇರಿ. 28ಕ್ಕೆ ಪರೀಕ್ಷೆ. ಅತ್ತೆ ಒಂದೇ ಬೆರಳಲ್ಲಿ ತಳ್ಳಿ ತೆರೆದರೆ ಎಂಟೂ ಮರದ್ದೇ ಉಳಿಯುತ್ತವೆ. ಇಲ್ಲದಿದ್ದರೆ ಎಂಟೂ ಸ್ಲೈಡಿಂಗ್.

"ಅಮ್ಮಾ, ನೀನು ಯಾರ ಕಡೆ?" ಅಂದರು ಇವರು.
"ಯಾರು ಬೇಗ ತೆಗೀತಾರೋ ಅವರ ಕಡೆ."

ಬಡಗಿಗೆ ಫೋನ್ ಮಾಡಿದೆ. ಪೇಂಟ್ ನಾವೇ ಕೆರೆದುಕೊಂಡರೆ ಕಿಟಕಿಗೆ ನಾಲ್ಕು ಸಾವಿರ ಕಡಿಮೆಯಂತೆ. ಬಿಡುತ್ತೇನೆಯೇ!

ಜನವರಿ 20, ಶನಿವಾರ
ಇಷ್ಟು ದಿನ ಪೆನ್ನು ಹಿಡಿಯಲು ಬೆರಳಲ್ಲಿ ಶಕ್ತಿಯೇ ಇರಲಿಲ್ಲ. ಮೇಲೆ ಕಂದು, ಕೆಳಗೆ ಹಸಿರು, ಅದರ ಕೆಳಗೆ ನೀಲಿ... ಯಾರೋ ಪುಣ್ಯಾತ್ಮ ಗುಲಾಬಿಯನ್ನೂ ಬಳಿದಿದ್ದಾನೆ. ಇವತ್ತು ಕೊನೆಗೂ ಮರ ಕಂಡಿತು. ಜೇನಿನ ಬಣ್ಣ! ಕುಣಿದುಬಿಟ್ಟೆ. ಅತ್ತೆ ಮಂಚದಿಂದಲೇ ಚಪ್ಪಾಳೆ ತಟ್ಟಿದರು. ಇವರು ಪೇಪರ್ ಹಿಂದಿನಿಂದ ಇಣುಕಿದ್ದು ನನಗೆ ಕಾಣಲಿಲ್ಲ ಅಂದುಕೊಂಡಿದ್ದಾರೆ.

ಜನವರಿ 27, ಶನಿವಾರ
ಬಡಗಿ ಕೀಲು ಬಿಗಿದು, ಗಾಜು ಕೂರಿಸಿ ಹೋದರು. ಬೆರಳು ತಾಗಿಸಿದರೆ ಸಾಕು, ಸುಯ್ಯೆಂದು ತೆರೆಯುತ್ತದೆ. ಸಂಜೆ ನಾನೇ ವಾರ್ನಿಶ್ ಬಳಿದೆ. "ಒಣಗೋವರೆಗೂ ಮುಚ್ಚಬೇಡಿ" ಅಂದಿದ್ದರು. ಆದರೆ ಬೀದಿಯ ಧೂಳೆಲ್ಲ ಬಂದು ಕೂರುವುದೇ? ಜೀವ ತಡೆಯಲಿಲ್ಲ. ಮೆಲ್ಲಗೆ ಮುಚ್ಚಿದೆ. ನಾಳೆ ಗೆಲುವು ನನ್ನದೇ.

ಜನವರಿ 28, ಭಾನುವಾರ
ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅತ್ತೆ ಬೆರಳಿಟ್ಟು ತಳ್ಳಿದರು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿದರು. ಊಹೂಂ. ವಾರ್ನಿಶ್ ಒಣಗಿ ಕದ ಚೌಕಟ್ಟಿಗೆ ಅಂಟಿಕೊಂಡಿತ್ತು. ಹಿಂದಿನವರು ವರ್ಷಗಟ್ಟಲೆ ಮಾಡಿದ್ದನ್ನು ನಾನು ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಿದ್ದೆ. ಅತ್ತುಬಿಟ್ಟೆ.

ಇವರು ನಗುತ್ತಾರೆ ಅಂದುಕೊಂಡೆ. ಒಳಗೆ ಹೋಗಿ ಶೇವಿಂಗ್ ಬ್ಲೇಡ್ ತಂದರು. "ಸರಿ ಆಚೆ. ಮರ ಗೀಚಿ ಹೋಗುತ್ತೆ, ನೀನು ಮುಟ್ಬೇಡ." ಸಂದಿಯಲ್ಲಿ ಮೆಲ್ಲಮೆಲ್ಲಗೆ ಬ್ಲೇಡ್ ಆಡಿಸುತ್ತ ಕೂತರು. ಊಟಕ್ಕೆ ಕರೆದರೆ "ಇರೇ!" ಮಧ್ಯಾಹ್ನ ಕಳೆದ ಮೇಲೆ ಟಕ್ ಅಂತು. ತೆರೆಯಿತು! ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು. ಬಣ್ಣದ ಗಾಜಿನಿಂದ ಬಂದ ಬಿಸಿಲು ಅವರ ಬೋಳುತಲೆಯ ಮೇಲೆ ಕೆಂಪಗೆ ಬಿದ್ದಿತ್ತು. ಅಳುತ್ತಲೇ ನಕ್ಕೆ.

"ನೀವೇ ಗೆದ್ರಿ ಬಿಡಿ" ಅಂದೆ.
"ಸುಮ್ನಿರೇ. ಅಮ್ಮಾ, ಈಗ ತಳ್ಳು."

ಅತ್ತೆ ತಳ್ಳಿದರು. ಒಂದೇ ಬೆರಳು. ಅದೂ ಕಿರುಬೆರಳು!

ಫೆಬ್ರವರಿ 11, ಭಾನುವಾರ
ಸ್ಲೈಡಿಂಗ್‌ನವನ ಫೋನ್ ಬಂತು. "ಬೇಡಪ್ಪ, ನಮ್ಮನೆ ಕಿಟಕಿಗಳು ಬೇರೇನೇ" ಅಂದರು ಇವರು. ಆ ಗತ್ತು ನೋಡಬೇಕಿತ್ತು! ಉಳಿದ ಏಳಕ್ಕೂ ಬಡಗಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ. ಫೋನಿನಲ್ಲಿ ಬೈಕಿನ ಚಿತ್ರ ಹೋಗಿ ಅತ್ತೆಯ ಕಿಟಕಿ ಬಂದಿದೆ. ಕೇಳಿದರೆ, "ಹಳೇದು ಇನ್ನೂ ಓಡುತ್ತಲ್ಲ" ಅಂತಾರೆ. ಈ ಮನುಷ್ಯನನ್ನು ಮದುವೆಯಾದದ್ದಕ್ಕೆ ಖುಷಿಯಾಗುತ್ತಿದೆ. ಅವರಿಗೆ ಹೇಳುವುದಿಲ್ಲ, ತಲೆ ಮೇಲೆ ಕೂರುತ್ತಾರೆ.

ಅತ್ತೆ ಕಿಟಕಿಯಲ್ಲಿ ಕೂತು ಎದುರುಮನೆಯಾಕೆಯ ಜೊತೆ ಹರಟೆ. ಬೀದಿಯ ಸುದ್ದಿಯೆಲ್ಲ ಈಗ ನಮಗೆ ಅವರಿಂದಲೇ. ಹಾಲ್‌ನಲ್ಲಿ ಇವರು ಎರಡನೇ ಕಿಟಕಿ ಕೆರೆಯುತ್ತಿದ್ದಾರೆ. "ಲೇ, ಬಾರೇ ಇಲ್ಲಿ! ಗುಲಾಬಿ ಕೆಳಗೆ ಇನ್ನೊಂದು ಬಣ್ಣ ಸಿಕ್ತು! ಯಾವುದು ಹೇಳು ನೋಡೋಣ!"

ಹಳದಿ ಇರಬೇಕು... ಅಥವಾ — ಬಂದೆ, ಇರೀ